ಕ್ಯಾಂಪಸ್ಸಿನಲ್ಲಿ ಕಛೇರಿ: ಟಿಕೆಟ್ಟಿಲ್ಲದ ಒಂದು ಸಂಜೆಯ ಹಿಂದೆ ಏನಿದೆ?



ಮನೆಯ ಹುಡುಗನೋ ಹುಡುಗಿಯೋ ಕಾಲೇಜು ಸೇರಿ ಹಾಸ್ಟೆಲಿಗೆ ಹೋದ ಮೇಲೆ ಫೋನಿನಲ್ಲಿ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಊಟ ಆಯಿತೇ, ಪರೀಕ್ಷೆ ಯಾವಾಗ, ದುಡ್ಡು ಸಾಕಾಗುತ್ತಿದೆಯೇ. "ನಿಮ್ಮ ಕಾಲೇಜಿನಲ್ಲಿ ಈ ತಿಂಗಳು ಯಾರ ಕಛೇರಿ ಇದೆ?" ಎಂದು ಕೇಳುವ ಅಪ್ಪ ಅಮ್ಮ ಅಪರೂಪ. ಕ್ಯಾಂಪಸ್ಸಿನಲ್ಲಿ 'ಕಲ್ಚರಲ್' ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ರಾಕ್ ಬ್ಯಾಂಡು, ಫ್ಯಾಷನ್ ಶೋ, ಸಿನಿಮಾ ತಾರೆಯರು, ಪ್ರಾಯೋಜಕರ ಬ್ಯಾನರುಗಳು. ಮುಂಬಯಿ ಐಐಟಿಯ ಮೂಡ್ ಇಂಡಿಗೋ, ಮೊದಲು ಮಾರ್ಡಿ ಗ್ರಾ ಎನಿಸಿಕೊಂಡಿದ್ದ ಮದ್ರಾಸ್ ಐಐಟಿಯ ಸಾರಂಗ್ ಎರಡೂ 1970ರ ದಶಕದಿಂದ ಬೆಳೆದು ಬಂದ ದೊಡ್ಡ ಜಾತ್ರೆಗಳು. ಅವುಗಳ ಗಮ್ಮತ್ತು ಅವಕ್ಕಿದೆ.

ಅದೇ ಕ್ಯಾಂಪಸ್ಸುಗಳಲ್ಲಿ ಅದೇ ದಶಕದಲ್ಲಿ ಇನ್ನೊಂದು ಕೆಲಸವೂ ಸದ್ದಿಲ್ಲದೆ ಶುರುವಾಯಿತು. ಟಿಕೆಟ್ಟಿಲ್ಲ, ಬಹುಮಾನವಿಲ್ಲ. ಒಂದು ಜಮಖಾನ, ಒಂದು ಜೊತೆ ತಂಬೂರಿ, ದೊಡ್ಡ ಕಲಾವಿದರೊಬ್ಬರು, ಎದುರಿಗೆ ಕಾಲು ಮಡಚಿ ಕೂತ ವಿದ್ಯಾರ್ಥಿಗಳು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಓದುವ ನಮ್ಮ ಮಕ್ಕಳಿಗೆ ಇದು ಕೈಗೆಟಕುವ ದೂರದಲ್ಲೇ ಇದೆ. ಆದರೂ ಎಷ್ಟೋ ಮನೆಗಳಿಗೆ ಇದರ ಸುದ್ದಿ ತಲುಪಿಲ್ಲ. ಆದ್ದರಿಂದ ಈ ಸಲ ಅದನ್ನೇ ವಿವರವಾಗಿ ತಿಳಿಯೋಣ.

ನ್ಯೂಯಾರ್ಕಿನಲ್ಲಿ ಕೇಳಿದ್ದು, ದೆಹಲಿಯಲ್ಲಿ ಮೊಳೆತದ್ದು

ಖರಗಪುರದ ಐಐಟಿಯಲ್ಲಿ ಇಂಜಿನಿಯರಿಂಗ್ ಓದಿದ ಕಿರಣ್ ಸೇಠ್ ಎಂಬ ತರುಣ 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದರು. ಅಲ್ಲಿ ಒಂದು ದಿನ ಡಾಗರ್ ಮನೆತನದ ಧ್ರುಪದ್ ಗಾಯನ ಕೇಳಿದರು. ಭಾರತದಲ್ಲಿದ್ದಾಗ ಸರಿಯಾಗಿ ಕಿವಿಗೆ ಬೀಳದ ಸಂಗೀತ ಸಾವಿರಾರು ಮೈಲಿ ಆಚೆ ಹೋದ ಮೇಲೆ ಮನಸ್ಸಿಗೆ ತಟ್ಟಿತು. ಹೊರನಾಡ ಕನ್ನಡಿಗರಾದ ನಮಗೆ ಈ ಅನುಭವ ಹೊಸದೇನಲ್ಲ. ಊರಲ್ಲಿದ್ದಾಗ ಸುಮ್ಮನೆ ದಾಟಿ ಹೋದ ಎಷ್ಟೋ ಹಾಡು, ಆಟ, ತಿಂಡಿಗಳ ಬೆಲೆ ನಮಗೂ ಊರು ಬಿಟ್ಟ ಮೇಲೆಯೇ ಗೊತ್ತಾದದ್ದು.

ಸೇಠ್ 1976ರಲ್ಲಿ ಹಿಂತಿರುಗಿ ದೆಹಲಿಯ ಐಐಟಿಯಲ್ಲಿ ಪಾಠ ಹೇಳತೊಡಗಿದರು. 1977ರಲ್ಲಿ ಅಲ್ಲಿಯೇ ಒಂದು ಸಂಘ ಕಟ್ಟಿದರು. ಯುವಜನರಲ್ಲಿ ಭಾರತೀಯ ಶಾಸ್ತ್ರೀಯ ಸಂಗೀತ ಮತ್ತು ಸಂಸ್ಕೃತಿಯನ್ನು ಬೆಳೆಸುವ ಸಂಘ ಎಂಬ ಅರ್ಥದ ಅದರ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಸ್ಪಿಕ್ ಮೆಕೆ ಆಯಿತು. ಆರಂಭದ ಕಾರ್ಯಕ್ರಮಗಳಿಗೆ ಬಂದವರು ಬೆರಳೆಣಿಕೆಯಷ್ಟು ಜನ. ಸಂಘ ನಿಲ್ಲಲಿಲ್ಲ. ಇಂದು ದೇಶದ ನೂರಾರು ಊರುಗಳ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಅದರ ಕಾರ್ಯಕ್ರಮಗಳು ನಡೆಯುತ್ತವೆ. ಸೇಠ್ ಅವರಿಗೆ 2009ರಲ್ಲಿ ಪದ್ಮಶ್ರೀ ಬಂತು. 2022ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಇದೇ ಸಂದೇಶ ಹೊತ್ತು ಅವರು ಕಾಶ್ಮೀರದಿಂದ ಕನ್ಯಾಕುಮಾರಿಗೆ ಸೈಕಲ್ ತುಳಿಯುತ್ತಾ ಹೊರಟರು.

ಒಂದು ಸಲ ಕಿವಿಗೆ ಬಿದ್ದರೆ ಸಾಕೇ?

ಸಾಕು ಎನ್ನುವುದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. ಗದಗದ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ತಟ್ಟೆ ಕೇಳಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತಾ ಮನೆಬಿಟ್ಟು ಹೊರಟರು. ಉತ್ತರ ಭಾರತವೆಲ್ಲ ಅಲೆದು ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಅದೇ ಗುರುವಿನ ಬಳಿಗೆ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಓಡಾಡಿ ಕಲಿತರು. ಆ ಹುಡುಗ ಮುಂದೆ ಪುಣೆಯಲ್ಲಿ ನೆಲೆಸಿ, ಗುರುವಿನ ಹೆಸರಿನಲ್ಲಿ 1953ರಲ್ಲಿ ಸಂಗೀತ ಮಹೋತ್ಸವ ಆರಂಭಿಸಿ, 2008ರಲ್ಲಿ ಭಾರತರತ್ನವಾದ ಕಥೆ ಪುಣೆಯ ಕೇಳುಗರಿಗೆ ನಾವು ಹೇಳಬೇಕಾಗಿಲ್ಲ.

ಕೇಳಿದವರೆಲ್ಲ ಭೀಮಸೇನರಾಗುವುದಿಲ್ಲ ನಿಜ. ಆಗಬೇಕಾದ್ದೂ ಇಲ್ಲ. ಸಂಗೀತಕ್ಕೆ ಹಾಡುವವರಷ್ಟೇ ಕೇಳುವವರೂ ಬೇಕು. ಒಬ್ಬ ಗಾಯಕ ತಯಾರಾಗಲು ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತದೆ. ಅಷ್ಟು ವರ್ಷ ಸಾಧನೆ ಮಾಡಿ ವೇದಿಕೆಗೆ ಬಂದಾಗ ಎದುರಿಗೆ ನರೆತ ತಲೆಗಳು ಮಾತ್ರ ಇದ್ದರೆ ಮುಂದಿನ ಪೀಳಿಗೆಯ ಹುಡುಗಿ ತಂಬೂರಿ ಹಿಡಿಯಲು ಯಾಕೆ ಧೈರ್ಯ ಮಾಡಿಯಾಳು? ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಕಿವಿ ತೆರೆದರೆ ಮುಂದೆ ಐವತ್ತು ವರ್ಷ ಒಬ್ಬ ಕೇಳುಗ ಸಿಗುತ್ತಾನೆ. ಇಂಥ ಕಾರ್ಯಕ್ರಮಗಳನ್ನು ಸಭಾಭವನಗಳಿಗಿಂತ ಮೊದಲು ಕಾಲೇಜುಗಳಿಗೆ ಒಯ್ಯುವ ಲೆಕ್ಕಾಚಾರ ಇದು.

ಪ್ರಾತ್ಯಕ್ಷಿಕೆ: ಮಾತು ಅರ್ಧ, ಹಾಡು ಅರ್ಧ

ಕ್ಯಾಂಪಸ್ಸಿನಲ್ಲಿ ಹೆಚ್ಚಾಗಿ ನಡೆಯುವುದು ಪೂರ್ಣ ಕಛೇರಿಯಲ್ಲ, ಸೋದಾಹರಣ ಪ್ರಾತ್ಯಕ್ಷಿಕೆ. ವಿದ್ಯಾರ್ಥಿಗಳ ಬಾಯಲ್ಲಿ ಇದು 'ಲೆಕ್-ಡೆಮ್'. ಸುಮಾರು ಒಂದೂವರೆ ಗಂಟೆ. ಕಲಾವಿದರು ಸ್ವಲ್ಪ ವಿವರಿಸುತ್ತಾರೆ, ಸ್ವಲ್ಪ ಹಾಡಿ ಅಥವಾ ಆಡಿ ತೋರಿಸುತ್ತಾರೆ, ಕೊನೆಗೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಮೊದಲ ಸಲ ಹೋಗುವವರಿಗೆ ಅದರೊಳಗೆ ಏನಿರುತ್ತದೆ ಎಂದು ತಿಳಿದಿದ್ದರೆ ಚೆನ್ನ.

ಮೊದಲನೆಯದು ಶ್ರುತಿ. ಕಲಾವಿದರು ತಂಬೂರಿಯ ತಂತಿಗಳನ್ನು ಹೊಂದಿಸುತ್ತಿದ್ದರೆ ಹೊಸಬರಿಗೆ "ಇನ್ನೂ ಶುರುವಾಗಲಿಲ್ಲವಲ್ಲ" ಎನಿಸುತ್ತದೆ. ನಿಜಕ್ಕೂ ಅಲ್ಲಿಗೇ ಸಂಗೀತ ಶುರುವಾಗಿರುತ್ತದೆ. ನಾಲ್ಕು ತಂತಿಯ ತಂಬೂರಿಯಲ್ಲಿ ಸಾಮಾನ್ಯವಾಗಿ ಮೊದಲನೆಯದು ಪಂಚಮ, ನಡುವಿನ ಎರಡು ಷಡ್ಜ, ಕೊನೆಯದು ಕೆಳಗಿನ ಷಡ್ಜ. ಇಡೀ ಸಂಜೆ ಹಾಡುವ ಪ್ರತಿ ಸ್ವರವೂ ಈ ನಾದಕ್ಕೆ ಹೋಲಿಸಿಕೊಂಡೇ ಸರಿಯೋ ತಪ್ಪೋ ಎನ್ನಿಸಿಕೊಳ್ಳುತ್ತದೆ.

ಎರಡನೆಯದು ರಾಗ. ಚಿಕ್ಕಂದಿನಲ್ಲಿ ಒಂದೆರಡು ವರ್ಷ ಕರ್ನಾಟಕ ಸಂಗೀತಕ್ಕೆ ಹೋಗಿ ಬಿಟ್ಟ ನಮ್ಮ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಪುರಂದರದಾಸರು ಹಾಕಿಕೊಟ್ಟರೆಂದು ನಂಬಲಾದ ಕ್ರಮದಲ್ಲಿ ಸರಳೆ ವರಸೆ ಕಲಿತದ್ದು ಮಾಯಾಮಾಳವಗೌಳ ರಾಗದಲ್ಲಿ. ಹಿಂದೂಸ್ತಾನಿ ಗಾಯಕರು 'ಭೈರವ್' ಎಂದು ಹಾಡುವಾಗ ಬರುವ ಸ್ವರಗಳೂ ಅವೇ. ಕಲ್ಯಾಣಿಯ ಸ್ವರಗಳು ಯಮನ್‌ನಲ್ಲಿ, ಮೋಹನದವು ಭೂಪಾಲಿಯಲ್ಲಿ, ಹಿಂದೋಳದವು ಮಾಲಕೌಂಸ್‌ನಲ್ಲಿ ಸಿಗುತ್ತವೆ. ಸ್ವರ ಒಂದೇ ಇದ್ದರೂ ನಡೆ ಬೇರೆ, ಗಮಕ ಬೇರೆ. ಮೈಸೂರು ಕನ್ನಡಕ್ಕೂ ಧಾರವಾಡದ ಕನ್ನಡಕ್ಕೂ ಇರುವ ಹಾಗೆ. ಪ್ರಶ್ನೆಯ ಹೊತ್ತಿನಲ್ಲಿ "ಇದು ನಮ್ಮ ಹಿಂದೋಳದಂತಿದೆಯಲ್ಲ" ಎಂದು ವಿದ್ಯಾರ್ಥಿ ಕೇಳಿದರೆ ಒಳ್ಳೆಯ ಕಲಾವಿದರು ಎರಡನ್ನೂ ಹಾಡಿ ವ್ಯತ್ಯಾಸ ತೋರಿಸಲು ಹಿಂಜರಿಯುವುದಿಲ್ಲ.

ಮೂರನೆಯದು ತಾಳ. ತೀನ್‌ತಾಲದಲ್ಲಿ ಹದಿನಾರು ಮಾತ್ರೆ. ಒಂದು, ಐದು, ಹದಿಮೂರರಲ್ಲಿ ಚಪ್ಪಾಳೆ. ಒಂಬತ್ತರಲ್ಲಿ ಕೈ ಬೀಸುವುದು, ಅದು 'ಖಾಲಿ'. ಕರ್ನಾಟಕ ಪದ್ಧತಿಯ ಆದಿತಾಳದಲ್ಲಿ ಎಂಟು ಎಣಿಕೆ. ಒಂದು ತಟ್ಟು, ಮೂರು ಬೆರಳು, ಮತ್ತೆ ಎರಡು ಸಲ ತಟ್ಟಿ ಬೀಸುವುದು. ಐದು ನಿಮಿಷದಲ್ಲಿ ಇಡೀ ಸಭಾಂಗಣ ತಾಳ ಹಾಕಲು ಕಲಿಯುತ್ತದೆ. ಅನಂತರ ತಬಲಾದವರು ಎಲ್ಲೆಲ್ಲೋ ಸುತ್ತಿ ಸರಿಯಾಗಿ ಮೊದಲ ಮಾತ್ರೆಗೆ ಬಂದು ಬಿದ್ದಾಗ ಎದ್ದು ಬರುವ "ಆಹಾ" ಕಲಿಸಿಕೊಟ್ಟದ್ದಲ್ಲ. ಲೆಕ್ಕ ಗೊತ್ತಾದ ಮೇಲೆ ಅದು ತಾನಾಗಿ ಬರುತ್ತದೆ. ಇಂಜಿನಿಯರಿಂಗ್ ಹುಡುಗರು ಶಾಸ್ತ್ರೀಯ ಸಂಗೀತದ ಬಾಗಿಲನ್ನು ಹೆಚ್ಚಾಗಿ ದಾಟುವುದು ಈ ಲೆಕ್ಕದ ಮೂಲಕವೇ.

ನೃತ್ಯವಾದರೂ ಕ್ರಮ ಹೀಗೆಯೇ. ಭರತನಾಟ್ಯದವರು 'ಪತಾಕ' ಎಂಬ ಒಂದೇ ಹಸ್ತ ಮೋಡವೂ ನದಿಯೂ ಕತ್ತಿಯೂ ಆಗುವುದನ್ನು ತೋರಿಸುತ್ತಾರೆ. ಕಥಕ್‌ನವರು ಬೋಲುಗಳನ್ನು ಮೊದಲು ಬಾಯಲ್ಲಿ ಹೇಳಿ ಆಮೇಲೆ ಅದನ್ನೇ ಕಾಲಲ್ಲಿ ಹೇಳುತ್ತಾರೆ. ಕೇರಳದ ಕೂಡಿಯಾಟ್ಟಂ ಕಲಾವಿದರು ಬರೀ ಕಣ್ಣುಗಳಲ್ಲಿ ಇಡೀ ಪ್ರಸಂಗವನ್ನು ನಡೆಸುತ್ತಾರೆ.

ರಾತ್ರಿಯಿಡೀ ಕಛೇರಿ, ಮತ್ತು ಒಂದು ಕಾನೂನು

ಕೆಲವು ಕ್ಯಾಂಪಸ್ಸುಗಳಲ್ಲಿ ಸಂಜೆ ಶುರುವಾಗಿ ಬೆಳಗಿನವರೆಗೆ ನಡೆಯುವ ಕಛೇರಿಗಳು ಇವೆ. ಇದು ಕೇವಲ ಉತ್ಸಾಹದ ಪ್ರದರ್ಶನವಲ್ಲ. ಇದಕ್ಕೆ ಗಟ್ಟಿಯಾದ ಕಾರಣವಿದೆ.

ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಕ್ಕೆ ಹೊತ್ತು ಇದೆ. ಮುಸ್ಸಂಜೆ ಕಳೆದ ಮೇಲೆ ಯಮನ್. ರಾತ್ರಿ ಏರಿದಂತೆ ಬಾಗೇಶ್ರೀ, ಮಾಲಕೌಂಸ್, ದರ್ಬಾರಿ. ಬೆಳಕು ಹರಿಯುವ ಮುನ್ನ ಲಲಿತ್. ಸೂರ್ಯ ಬಂದ ಹಾಗೆ ಭೈರವ್. ಈಗ ನಮ್ಮ ನಗರಗಳ ಕಛೇರಿಗಳನ್ನು ನೆನೆಯಿರಿ. ಆರೂವರೆಗೆ ಶುರು, ಒಂಬತ್ತೂವರೆಗೆ ವಂದನಾರ್ಪಣೆ. ಶಬ್ದಮಾಲಿನ್ಯ ತಡೆಯುವ 2000ರ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ನಿಯಮ ಸರಿಯಾದದ್ದೇ, ಮಲಗುವವರಿಗೂ ಹಕ್ಕಿದೆ. ಆದರೆ ಅದರ ಪರಿಣಾಮವಾಗಿ ರಾತ್ರಿಯೆಲ್ಲ ನಡೆಯುತ್ತಿದ್ದ ಪುಣೆಯ ಸವಾಯಿ ಗಂಧರ್ವ ಮಹೋತ್ಸವದಂಥ ದೊಡ್ಡ ಉತ್ಸವಗಳು ಕೂಡ ವೇಳೆ ಬದಲಿಸಿಕೊಂಡವು. ನಡುರಾತ್ರಿಯ ದರ್ಬಾರಿಯನ್ನು ನಡುರಾತ್ರಿಯಲ್ಲೇ ಕೇಳುವ ಅವಕಾಶ ಕಡಿಮೆಯಾಯಿತು.

ಮುಚ್ಚಿದ ಸಭಾಂಗಣಕ್ಕೆ ಈ ನಿಯಮದಲ್ಲಿ ವಿನಾಯಿತಿ ಇದೆ. ಕ್ಯಾಂಪಸ್ಸಿನಲ್ಲಿ ಸಭಾಂಗಣ ಇದೆ, ಕೊನೆಯ ಲೋಕಲ್ ರೈಲು ತಪ್ಪೀತೆಂಬ ಹೆದರಿಕೆ ಇಲ್ಲ, ಹಾಸ್ಟೆಲ್ ನಡೆದುಹೋಗುವ ದೂರದಲ್ಲಿದೆ, ಮೇಲಾಗಿ ನಿದ್ದೆಗೆಡುವುದು ವಿದ್ಯಾರ್ಥಿಗಳಿಗೆ ಕಷ್ಟವಲ್ಲ. ಹೀಗಾಗಿ ಊರಿನಲ್ಲಿ ಜಾಗ ಕಳೆದುಕೊಂಡ ಹೊತ್ತಿನ ರಾಗಗಳಿಗೆ ಕ್ಯಾಂಪಸ್ಸು ಒಂದು ಆಸರೆ. ಎಂಟು ಗಂಟೆ ನೆಲದ ಮೇಲೆ ಕೂತು, ನಡುವೆ ತೂಕಡಿಸಿ, ಚಹಾ ಕುಡಿದು ಬಂದು, ಕಿಟಕಿ ಬೆಳ್ಳಗಾಗುವಾಗ ಭೈರವ್ ಕೇಳಿದವರಿಗೆ ರಾಗ ಮತ್ತು ಹೊತ್ತಿನ ಸಂಬಂಧವನ್ನು ಪುಸ್ತಕ ಹಿಡಿದು ವಿವರಿಸಬೇಕಾಗುವುದಿಲ್ಲ.

ಚಂಡೆಯ ಸದ್ದು ಹೊರನಾಡಿನಲ್ಲಿ

ಬಯಲಾಟ ನೋಡಿ ಬೆಳೆದ ಕರಾವಳಿಯ ಕೇಳುಗರಿಗೆ ರಾತ್ರಿಯಿಡೀ ಎಂದೊಡನೆ ನೆನಪಾಗುವುದು ಯಕ್ಷಗಾನ. ಅಲ್ಲಿಯೂ ಈಗ ಮೂರು ಗಂಟೆಯ ಕಾಲಮಿತಿ ಪ್ರಯೋಗಗಳದೇ ಕಾಲ. ಯಕ್ಷಗಾನಕ್ಕೂ ಕಾಲೇಜಿಗೂ ಹಳೆಯ ನಂಟಿದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿತು. ಪ್ರಾಂಶುಪಾಲ ಕು.ಶಿ. ಹರಿದಾಸ ಭಟ್ಟರ ಸಂಘಟನೆ ಮತ್ತು ಶಿವರಾಮ ಕಾರಂತರ ಪ್ರಯೋಗಶೀಲತೆ ಅದಕ್ಕೆ ಬಲ ಕೊಟ್ಟವು. ಅದೇ ಕಾಲದಲ್ಲಿ ಅಮೆರಿಕದಿಂದ ಮಾರ್ಥಾ ಆಷ್ಟನ್ ಎಂಬ ಸಂಶೋಧಕಿ ಬಂದು ಮದ್ದಳೆಯ ಹಿರಿಯಡಕ ಗೋಪಾಲರಾಯರಲ್ಲಿ ಕಲಿತು, ಬ್ರೂಸ್ ಕ್ರಿಸ್ಟಿ ಅವರೊಡನೆ 1977ರಲ್ಲಿ ಯಕ್ಷಗಾನದ ಬಗ್ಗೆ ಇಂಗ್ಲಿಷ್ ಪುಸ್ತಕ ಹೊರತಂದರು. ಇನ್ನು 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ಇಂದಿಗೂ ದೇಶದ ಉದ್ದಗಲ ತಿರುಗುತ್ತಿದೆ.

ಹೊರರಾಜ್ಯದ ಕ್ಯಾಂಪಸ್ಸಿನಲ್ಲಿ ಯಕ್ಷಗಾನ ಪ್ರಾತ್ಯಕ್ಷಿಕೆಯ ಆಕರ್ಷಣೆಯೆಂದರೆ ಚೌಕಿಯನ್ನೇ ವೇದಿಕೆಗೆ ತರುವುದು. ಕಲಾವಿದ ವಿದ್ಯಾರ್ಥಿಗಳ ಎದುರೇ ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತಾನೆ. ಮುಖವರ್ಣಿಕೆ ಅವನದೇ ಕೆಲಸ, ಬೇರೆ ಮೇಕಪ್‌ನವರಿಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಳೆ ಕೂಡಿಕೊಳ್ಳುತ್ತದೆ, ಚಂಡೆ ಎದ್ದಿತೆಂದರೆ ಮೈಕಿನ ಅಗತ್ಯವೇ ಬೀಳುವುದಿಲ್ಲ. ಅನಂತರ ಬರುವುದು ಮಾತು. ಬರೆದಿಟ್ಟುಕೊಳ್ಳದೆ ಸ್ಥಳದಲ್ಲೇ ಹುಟ್ಟುವ, ಇಂಗ್ಲಿಷ್ ಪದ ನುಸುಳದ ಕನ್ನಡ.

ಇಲ್ಲಿ ನಮ್ಮ ಮಕ್ಕಳ ಪಾತ್ರ ಶುರುವಾಗುತ್ತದೆ. ಹಾಸ್ಟೆಲಿನಲ್ಲಿ 'ಸೌತ್ ಇಂಡಿಯನ್' ಎಂಬ ಒಂದೇ ಚೀಲಕ್ಕೆ ಹಾಕಿಸಿಕೊಂಡ ಹುಡುಗನನ್ನು ಪಕ್ಕದ ಪಂಜಾಬಿ, ಬಂಗಾಳಿ ಗೆಳೆಯರು "ಅವನು ಏನೆಂದ?" ಎಂದು ಕೇಳುತ್ತಾರೆ. ಅರ್ಥ ಹೇಳಬೇಕಾದವನು ಇವನೇ. ಹೇಳಲು ಹೊರಟಾಗ ತನಗೂ ಅರ್ಧ ಅರ್ಥವಾಗಿಲ್ಲ ಎಂಬುದು ತಿಳಿಯಬಹುದು. ಆ ರಾತ್ರಿ ಮನೆಗೆ ಫೋನ್ ಬಂದು "ಅಮ್ಮಾ, ಅಭಿಮನ್ಯು ಚಕ್ರವ್ಯೂಹದ ಕಥೆ ಪೂರ್ತಿ ಹೇಳು" ಎಂದರೆ ಅಚ್ಚರಿಪಡಬೇಡಿ. ಮನೆಯಲ್ಲಿ "ಕನ್ನಡ ಮಾತಾಡು" ಎಂದು ನಾವು ಹತ್ತು ವರ್ಷ ಗದರಿದ್ದಕ್ಕಿಂತ ಒಂದು ಚಂಡೆಯ ಪೆಟ್ಟು ಹೆಚ್ಚು ಕೆಲಸ ಮಾಡಬಹುದು.

ಟಿಕೆಟ್ಟಿಲ್ಲದೆ ಇದೆಲ್ಲ ನಡೆಯುವುದು ಹೇಗೆ?

ಸ್ಪಿಕ್ ಮೆಕೆಯ ಮಟ್ಟಿಗೆ ಪ್ರವೇಶ ಯಾವಾಗಲೂ ಉಚಿತ. ಹೆಸರಾಂತ ಕಲಾವಿದರೂ ಸಭೆಗಳಲ್ಲಿ ಪಡೆಯುವುದಕ್ಕಿಂತ ಕಡಿಮೆ ಗೌರವಧನಕ್ಕೆ ಬರುತ್ತಾರೆ. ಒಬ್ಬರು ಒಂದು ಊರಿಗೆ ಬಂದರೆ ಎರಡು ಮೂರು ದಿನದಲ್ಲಿ ಹಲವು ಶಾಲೆ ಕಾಲೇಜುಗಳಲ್ಲಿ ಕಾರ್ಯಕ್ರಮ ಇಟ್ಟುಕೊಂಡು ಪ್ರಯಾಣದ ಖರ್ಚು ಹಂಚಿಹೋಗುವಂತೆ ನೋಡಿಕೊಳ್ಳುತ್ತಾರೆ. ಸಭಾಂಗಣ, ವಸತಿ, ಊಟ ಸಂಸ್ಥೆಯದು. ಉಳಿದದ್ದಕ್ಕೆ ಸರ್ಕಾರದ ನೆರವು, ದಾನಿಗಳ ಸಹಾಯ.

ಎಲ್ಲಕ್ಕಿಂತ ಮುಖ್ಯವಾದದ್ದು ಸ್ವಯಂಸೇವಕರು. ರೈಲ್ವೆ ನಿಲ್ದಾಣದಲ್ಲಿ ಕಲಾವಿದರನ್ನು ಎದುರುಗೊಳ್ಳುವುದು, ಪೋಸ್ಟರ್ ಅಂಟಿಸುವುದು, ಜಮಖಾನ ಹಾಸುವುದು, ಮೈಕ್ ಪರೀಕ್ಷೆ, ಎರಡು ನಿಮಿಷದ ಪರಿಚಯ ಭಾಷಣ ಎಲ್ಲವೂ ವಿದ್ಯಾರ್ಥಿಗಳದು. ತಂಬೂರಿಯನ್ನು ಬಿಸಿಲಲ್ಲಿ ಇಡಬಾರದು, ವಯಸ್ಸಾದ ಗುರುಗಳಿಗೆ ಮೆಟ್ಟಿಲು ಹತ್ತಿಸಬಾರದು, ಪಕ್ಕವಾದ್ಯದವರ ಹೆಸರನ್ನು ತಪ್ಪಿಲ್ಲದೆ ಹೇಳಬೇಕು ಎಂಬ ಸಣ್ಣ ಸಣ್ಣ ಸಂಗತಿಗಳನ್ನು ಯಾವ ಪಠ್ಯವೂ ಕಲಿಸುವುದಿಲ್ಲ. ದೊಡ್ಡ ಕಲಾವಿದರ ಜೊತೆ ಕಾರಿನಲ್ಲಿ ಕಳೆದ ಅರ್ಧ ಗಂಟೆ ವೇದಿಕೆಯ ಕಛೇರಿಗಿಂತ ಹೆಚ್ಚು ನೆನಪಿರುತ್ತದೆ ಎನ್ನುವ ಸ್ವಯಂಸೇವಕರು ಬಹಳ.

ಇದಲ್ಲದೆ ಪ್ರತಿವರ್ಷ ಯಾವುದಾದರೂ ಒಂದು ಕ್ಯಾಂಪಸ್ಸಿನಲ್ಲಿ ವಸತಿ ಸಹಿತ ಸಮಾವೇಶ ನಡೆಯುತ್ತದೆ. ಬೆಳಗಿನ ಜಾವ ಎದ್ದು ಯೋಗ, ಹಗಲು ಗುರುಗಳ ಬಳಿ ಪಾಠ, ಶ್ರಮದಾನ, ಸಂಜೆ ಕಛೇರಿ. ಗುರುವಿನ ಮನೆಯಲ್ಲಿ ಕೆಲಕಾಲ ಇದ್ದು ಕಲಿಯುವ ವಿದ್ಯಾರ್ಥಿವೇತನದ ಯೋಜನೆಯೂ ಇದೆ.

ಕೊರತೆಗಳಿಲ್ಲವೇ?

ಇವೆ. ಸಭಾಂಗಣ ತುಂಬಿಸಲೆಂದು ಕೆಲವು ಕಾಲೇಜುಗಳು ಹಾಜರಿ ಹಾಕಿ ಮಕ್ಕಳನ್ನು ತಂದು ಕೂರಿಸುತ್ತವೆ. ಅವರು ಫೋನ್ ನೋಡುತ್ತಾ ಕೂತರೆ ತಪ್ಪು ಅವರದಲ್ಲ. ಪರೀಕ್ಷೆಯ ವಾರದಲ್ಲೇ ಕಾರ್ಯಕ್ರಮ ಬೀಳುವುದುಂಟು. ಒಂದು ಬ್ಯಾಚಿನ ಉತ್ಸಾಹಿಗಳು ಓದು ಮುಗಿಸಿ ಹೋದರೆ ಆ ಕ್ಯಾಂಪಸ್ಸಿನ ಚಟುವಟಿಕೆಯೇ ಮಂಕಾಗುವುದುಂಟು. 2020ರಲ್ಲಿ ಕೊರೊನಾ ಬಂದಾಗ ಎಲ್ಲವೂ ಆನ್‌ಲೈನ್ ಆಯಿತು. ದೂರದೂರಿನವರಿಗೆ ಅದು ಅನುಕೂಲವಾದದ್ದು ನಿಜ. ಎದುರಿಗೆ ಕೂತು ಕೇಳುವ ಬಿಸಿ ಪರದೆಯಲ್ಲಿ ಸಿಗಲಿಲ್ಲ ಎಂಬುದೂ ಅಷ್ಟೇ ನಿಜ.

ಕೇಳುವುದು ಬೇರೆ, ಕಲಿಯುವುದು ಬೇರೆ ಎಂಬುದೂ ತಿಳಿದಿರಲಿ. ಕಲೆಯನ್ನೇ ಓದಬಯಸುವವರಿಗೆ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳಿವೆ. ಬರೋಡಾದ ಸಂಗೀತ ಶಾಲೆಯ ಬೇರು 1886ರಷ್ಟು ಹಳೆಯದು. ಮದ್ರಾಸ್ ವಿಶ್ವವಿದ್ಯಾಲಯದ ಸಂಗೀತ ವಿಭಾಗ, ಪುಣೆಯ ಲಲಿತ ಕಲಾ ಕೇಂದ್ರ, ಹೈದರಾಬಾದ್ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಶಾಲೆ ನಿಮ್ಮ ಊರುಗಳಲ್ಲೇ ಇವೆ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದೊಡನೆ ಮಲ್ಲಿಕಾರ್ಜುನ ಮನಸೂರರ ಹೆಸರು ಸೇರಿಕೊಂಡಿದೆ. ಗಂಗೂಬಾಯಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವೇ ಇದೆ. ಇಂಥ ವಿಭಾಗಗಳು ಕಲಾವಿದರನ್ನು ತಯಾರು ಮಾಡಿದರೆ, ಕ್ಯಾಂಪಸ್ಸಿನ ಕಛೇರಿ ಅವರ ಮುಂದೆ ಕೂರುವವರನ್ನು ತಯಾರು ಮಾಡುತ್ತದೆ.

ಹೋಗುವವರಿಗೆ ನಾಲ್ಕು ಮಾತು

ಹತ್ತು ನಿಮಿಷ ಮುಂಚೆ ಹೋಗಿ, ಶ್ರುತಿ ಮಾಡುವುದನ್ನೂ ಕೇಳಿ. ಚಪ್ಪಲಿ ಹೊರಗೆ, ಫೋನ್ ಮೌನದಲ್ಲಿ. ಆಲಾಪದ ನಡುವೆ ಎದ್ದು ಹೋಗಬೇಡಿ; ಹೋಗಲೇಬೇಕಾದರೆ ಒಂದು ರಚನೆ ಮುಗಿದ ಮೇಲೆ ಏಳಿ. ಮೊದಲ ಇಪ್ಪತ್ತು ನಿಮಿಷ ಬೇಸರವಾದರೆ ಗಾಬರಿ ಬೇಡ, ವಿಲಂಬಿತ ಹಾಗೆಯೇ, ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಪ್ರಶ್ನೆ ಕೇಳಲು ನಾಚಬೇಡಿ. ಕಲಾವಿದರು ಕನ್ನಡಿಗರಾಗಿದ್ದರೆ ಕೊನೆಯಲ್ಲಿ ಹೋಗಿ ಕನ್ನಡದಲ್ಲೇ ಮಾತಾಡಿಸಿ. ಊರು ಬಿಟ್ಟು ತಿಂಗಳುಗಟ್ಟಲೆ ತಿರುಗುವ ಅವರಿಗೂ ಅದು ಖುಷಿ ಕೊಡುತ್ತದೆ.

ವಿದ್ಯಾರ್ಥಿಗಳಲ್ಲದವರೂ ಅನೇಕ ಕಡೆ ಹೋಗಬಹುದು. ಗೇಟಿನಲ್ಲಿ ಗುರುತಿನ ಚೀಟಿ ಕೇಳಿಯಾರು, ಜೊತೆಗಿರಲಿ. ನಿಮ್ಮ ಮಕ್ಕಳ ಕಾಲೇಜಿನಲ್ಲಿ ಇಂಥ ಕಾರ್ಯಕ್ರಮ ನಡೆಯುತ್ತಿಲ್ಲವಾದರೆ ಆಸಕ್ತಿಯ ನಾಲ್ಕು ವಿದ್ಯಾರ್ಥಿಗಳು ಮತ್ತು ಒಬ್ಬ ಅಧ್ಯಾಪಕರು ಸೇರಿದರೆ ಶುರು ಮಾಡಲು ಸಾಕು. ನಿಮ್ಮ ಊರಿನ ಕನ್ನಡ ಸಂಘಕ್ಕೆ ಯಕ್ಷಗಾನ ಮೇಳವೋ ಗಾಯಕರೋ ಬರುತ್ತಿದ್ದಾರೆಂದು ಗೊತ್ತಾದರೆ, ಅವರ ಒಂದು ಮಧ್ಯಾಹ್ನವನ್ನು ಹತ್ತಿರದ ಕಾಲೇಜಿಗೆ ಕೊಡಿಸಬಹುದೇ ಎಂದು ಸಂಘದವರನ್ನು ಕೇಳಿ ನೋಡಿ. ಖರ್ಚು ಹೆಚ್ಚೇನಿಲ್ಲ, ಕಲಾವಿದರು ಹೇಗೂ ಊರಿಗೆ ಬಂದಿರುತ್ತಾರೆ.

ಮುಂದಿನ ಸಲ ಹಾಸ್ಟೆಲಿಗೆ ಫೋನ್ ಮಾಡಿದಾಗ ಊಟದ ವಿಚಾರ ಕೇಳಿದ ಮೇಲೆ ಈ ಪ್ರಶ್ನೆಯನ್ನೂ ಸೇರಿಸಿ. ಅವರು ಕೇಳಿ ಬಂದ ರಾಗ ಯಾವುದು, ನೋಡಿದ ಪ್ರಸಂಗ ಯಾವುದು ಎಂಬುದನ್ನು ನಮಗೂ ಬರೆದು ತಿಳಿಸಿ. ಎಂದಿನಂತೆ ನಮ್ಮ ಕನ್ನಡ ಕಾರ್ಯಕ್ರಮ ಕೇಳುತ್ತಿರಿ.